ದಿವಾಳಿಯಾದ ಮೇಲೆ ಹಳೇ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಮತ್ತೆ ಸಿಗುತ್ತಾ? ಅಮೆರಿಕದಲ್ಲಿರುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಗೆಳೆಯನೊಬ್ಬನ ದಿವಾಳಿ ಕೇಸ್ ಮುಗಿದು ಒಂದು ತಿಂಗಳೂ ಆಗಿರಲಿಲ್ಲ. ಅವನ ಅಂಚೆ ಡಬ್ಬಿಗೆ ಕ್ರೆಡಿಟ್ ಕಾರ್ಡ್ ಆಫರ್‌ಗಳು ಬಂದು ಬೀಳತೊಡಗಿದವು. "ನನ್ನ ಹೆಸರು ಕೆಟ್ಟಿದೆ ಅಂತ ಯಾರೋ ಅಂದಿದ್ದು?" ಎಂದು ಫೋಟೋ ತೆಗೆದು ಕಳಿಸಿದ. ಅದೇ ಖುಷಿಯಲ್ಲಿ, ಹತ್ತು ವರ್ಷ ಜೇಬಿನಲ್ಲಿದ್ದ ಕಾರ್ಡಿನ ಹಳೇ ಬ್ಯಾಂಕಿಗೂ ಅರ್ಜಿ ಹಾಕಿದ. ಅಲ್ಲಿಂದ ಒಂದೇ ನಿಮಿಷದಲ್ಲಿ "ಇಲ್ಲ" ಬಂತು.

ಗುರುತಿಲ್ಲದವರು ಕರೆದು ಕೊಡುತ್ತಾರೆ, ಗುರುತಿದ್ದವರು ಬಾಗಿಲು ಹಾಕುತ್ತಾರೆ. ಇದು ಯಾಕೆ ಎಂದು ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ.

ಹೊಸ ಕಂಪನಿಯ ಕಣ್ಣಿಗೆ ನೀವು ಹಳೇ ಸಾಲವೆಲ್ಲ ತೊಳೆದುಹೋದ ಮನುಷ್ಯ. ಅದಕ್ಕೆ ಇನ್ನೊಂದು ಲೆಕ್ಕವೂ ಗೊತ್ತು. ಚಾಪ್ಟರ್ 7ರಲ್ಲಿ, ಅಂದರೆ ಕಂತಿನ ಯೋಜನೆ ಇಲ್ಲದೆ ಸಾಲ ಮನ್ನಾ ಆಗುವ ದಿವಾಳಿಯಲ್ಲಿ, ಒಮ್ಮೆ ಡಿಸ್ಚಾರ್ಜ್ (ಕೋರ್ಟಿನ ಸಾಲ ಮನ್ನಾ ಆದೇಶ) ಪಡೆದವರು, ಆ ಕೇಸ್ ಹಾಕಿದ ದಿನದಿಂದ 8 ವರ್ಷ ತುಂಬುವ ತನಕ ಮತ್ತೊಂದು ಚಾಪ್ಟರ್ 7 ಕೇಸ್ ಹಾಕಿ ಡಿಸ್ಚಾರ್ಜ್ ಪಡೆಯುವಂತಿಲ್ಲ. ಅಂದರೆ ಈಗ ಕೊಟ್ಟ ಸಾಲದಿಂದ ನೀವು ಅಷ್ಟು ಸುಲಭವಾಗಿ ಕೈತೊಳೆಯಲಾರಿರಿ. ಆಫರ್‌ಗಳ ಹಿಂದಿನ ಪ್ರೀತಿ ಇಷ್ಟೇ.

ಹಳೇ ಬ್ಯಾಂಕಿನ ಹತ್ತಿರ ತನ್ನದೇ ಖಾತೆ ಪುಸ್ತಕ ಇದೆ. ನಿಮ್ಮಿಂದ ಎಷ್ಟು ಸಾವಿರ ಡಾಲರ್ ಮುಳುಗಿತು ಎಂದು ಅದರಲ್ಲಿ ಬರೆದಿರುತ್ತದೆ. ಕ್ರೆಡಿಟ್ ರಿಪೋರ್ಟ್‌ನಲ್ಲಿ ದಿವಾಳಿ ಎಷ್ಟು ವರ್ಷ ಕಾಣಬಹುದು ಎಂದು ಹೇಳುವ ಕಾನೂನು ಇದೆ. ಆದರೆ ಬ್ಯಾಂಕ್ ತನ್ನ ಪುಸ್ತಕದಿಂದ ಅದನ್ನು ಅಳಿಸಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ದಿವಾಳಿಯಾದವರನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು ಎಂಬ ನಿಯಮವಿದೆ. ಖಾಸಗಿ ಬ್ಯಾಂಕ್ ಕಾರ್ಡ್ ಕೊಡಲೇಬೇಕು ಎಂಬ ನಿಯಮ ಇಲ್ಲ. ಹಾಗಾಗಿ ಇಲ್ಲಿ ಜಗಳ ಮಾಡಿ ಗೆಲ್ಲುವುದಿಲ್ಲ. ಹೊರಗೆ ಒಳ್ಳೆಯ ಹೆಸರು ಮಾಡಿಕೊಂಡು, ಆಮೇಲೆ ಹಳೇ ಬಾಗಿಲನ್ನು ಮೆಲ್ಲಗೆ ತಟ್ಟಬೇಕು.

ಮೊದಲ ಹೆಜ್ಜೆ: ಯಾರಿಗೆ ಎಷ್ಟು ಮುಳುಗಿಸಿದಿರಿ, ಬರೆದಿಡಿ

ಕೋರ್ಟಿಗೆ ಕೊಟ್ಟ ಕಾಗದಗಳಲ್ಲಿ ಶೆಡ್ಯೂಲ್ ಇ/ಎಫ್ ಎಂಬುದೊಂದಿದೆ. ಅಡಮಾನ ಇಲ್ಲದ ಸಾಲಗಳ ಪಟ್ಟಿ ಅದರಲ್ಲೇ ಇರುತ್ತದೆ. ನಿಮ್ಮ ಹತ್ತಿರ ಇಲ್ಲದಿದ್ದರೆ ವಕೀಲರನ್ನು ಕೇಳಿ, ಇಲ್ಲವೇ ಪೇಸರ್ ಎಂಬ ಕೋರ್ಟ್ ದಾಖಲೆಗಳ ವೆಬ್‌ಸೈಟ್‌ನಲ್ಲಿ ಇಳಿಸಿಕೊಳ್ಳಿ. ಪ್ರತಿ ಬ್ಯಾಂಕ್ ಎದುರು ಮೂರು ವಿಷಯ ಬರೆಯಿರಿ: ಎಷ್ಟು ಬಾಕಿ ಇತ್ತು, ಮೊದಲ ಕಂತು ತಪ್ಪಿದ್ದು ಯಾವಾಗ, ಸಾಲವನ್ನು ಬ್ಯಾಂಕ್ ಬೇರೆಯವರಿಗೆ ಮಾರಿತ್ತಾ.

ಇಲ್ಲಿ ಬಹಳ ಜನ ಎಡವುತ್ತಾರೆ. ಕಾರ್ಡಿನ ಮೇಲೆ ಅಂಗಡಿಯ ಹೆಸರಿದ್ದರೂ ಹಿಂದೆ ನಿಂತಿರುವುದು ಬ್ಯಾಂಕ್. ಕಾಸ್ಟ್‌ಕೋ ವೀಸಾ ಕೊಡುವುದು ಸಿಟಿ. ಅಮೆಜಾನ್ ಪ್ರೈಮ್ ವೀಸಾ ಚೇಸ್‌ನದು, ಅಮೆಜಾನ್ ಸ್ಟೋರ್ ಕಾರ್ಡ್ ಸಿಂಕ್ರನಿಯದು. "ಸಿಟಿಗೆ ನಾನು ಒಂದು ಪೈಸೆ ಬಾಕಿ ಇರಲಿಲ್ಲ" ಎನ್ನುವವರು ಕಾಸ್ಟ್‌ಕೋ ಕಾರ್ಡ್ ನೆನಪಾದಾಗ ತಲೆ ಚಚ್ಚಿಕೊಳ್ಳುತ್ತಾರೆ. ಬ್ಯಾಂಕುಗಳು ಒಂದನ್ನೊಂದು ಕೊಳ್ಳುವುದೂ ಉಂಟು. 2025ರ ಮೇ ತಿಂಗಳಲ್ಲಿ ಡಿಸ್ಕವರ್ ಅನ್ನು ಕ್ಯಾಪಿಟಲ್ ಒನ್ ಕೊಂಡಿತು. ಡಿಸ್ಕವರ್‌ಗೆ ಬಾಕಿ ಉಳಿಸಿದ್ದವರು ಇನ್ನು ಆ ಎರಡನ್ನೂ ಒಂದೇ ಮನೆ ಎಂದು ಎಣಿಸುವುದು ಒಳ್ಳೆಯದು.

ಪಟ್ಟಿ ಮುಗಿದ ಮೇಲೆ ಚಿಕ್ಕ ಮೊತ್ತ ಮುಳುಗಿಸಿದ ಬ್ಯಾಂಕುಗಳಿಗೆ ಒಂದು ಗುರುತು ಹಾಕಿ. ಕೊನೆಗೆ ತಟ್ಟುವಾಗ ಅವುಗಳಿಂದಲೇ ಶುರು ಮಾಡೋಣ. ದಿವಾಳಿ ಸಮಯದಲ್ಲಿ ಕೋರ್ಟಿಗೆ ಬಂದು "ಇವರು ಮೋಸ ಮಾಡಿದ್ದಾರೆ, ಈ ಸಾಲ ಮನ್ನಾ ಮಾಡಬೇಡಿ" ಎಂದು ತಕರಾರು ತೆಗೆದ ಬ್ಯಾಂಕ್ ಇದ್ದರೆ ಅದರ ಹೆಸರನ್ನು ಹೊಡೆದು ಹಾಕಿ. ಆ ಕಡೆ ತಲೆ ಹಾಕಬೇಡಿ.

ಎರಡನೇ ಹೆಜ್ಜೆ: ರಿಪೋರ್ಟ್ ಸರಿ ಮಾಡಿಸಿ

ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಈ ಮೂರು ಕ್ರೆಡಿಟ್ ಬ್ಯೂರೋಗಳ ರಿಪೋರ್ಟ್‌ಗಳೂ ಬೇಕು. ಆನ್ಯುಯಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ದುಡ್ಡು ಕೇಳುವ ತಾಣಗಳಿಗೆ ಹೋಗಬೇಡಿ.

ಡಿಸ್ಚಾರ್ಜ್ ಆಗಿ ಎರಡು ಮೂರು ತಿಂಗಳಾದ ಮೇಲೆ ತೆಗೆದು ನೋಡಿ. ಮನ್ನಾ ಆದ ಪ್ರತಿ ಕಾರ್ಡಿನ ಎದುರು ಬಾಕಿ ಸೊನ್ನೆ ಇರಬೇಕು. "ಇನ್‌ಕ್ಲೂಡೆಡ್ ಇನ್ ಬ್ಯಾಂಕ್ರಪ್ಟ್ಸಿ" ಅಥವಾ "ಡಿಸ್ಚಾರ್ಜ್ಡ್" ಎಂಬ ಮಾತು ಇರಬೇಕು. ಇನ್ನೂ 6,000 ಡಾಲರ್ ಬಾಕಿ ಎಂದೋ, ಚಾರ್ಜ್ ಆಫ್ ಆಗಿ (ಮುಳುಗಿದ ಸಾಲ ಎಂದು ಬ್ಯಾಂಕ್ ಬರೆದುಕೊಂಡು) ತಿಂಗಳು ತಿಂಗಳು ಕಂತು ತಪ್ಪುತ್ತಿದೆ ಎಂದೋ ತೋರಿಸುತ್ತಿದ್ದರೆ ಅದು ತಪ್ಪು. ಆ ಒಂದು ಸಾಲು ನಿಮ್ಮ ಸ್ಕೋರನ್ನು ಸುಮ್ನೆ ಕೆಳಗೆ ಎಳೆದು ಹಿಡಿದಿರುತ್ತದೆ.

ಡಿಸ್ಪ್ಯೂಟ್, ಅಂದರೆ ರಿಪೋರ್ಟ್ ತಪ್ಪಿದೆ ಎಂದು ಬ್ಯೂರೋಗೆ ತಕರಾರು, ಹಾಕುವಾಗ ಡಿಸ್ಚಾರ್ಜ್ ಆದೇಶವೊಂದನ್ನೇ ಲಗತ್ತಿಸಿದರೆ ಸಾಲದು. ಆ ಆದೇಶದಲ್ಲಿ ಯಾವ್ಯಾವ ಸಾಲ ಮನ್ನಾ ಆಯಿತು ಎಂಬ ಪಟ್ಟಿಯೇ ಇರುವುದಿಲ್ಲ! ಶೆಡ್ಯೂಲ್ ಇ/ಎಫ್‌ನಲ್ಲಿ ಆ ಬ್ಯಾಂಕಿನ ಹೆಸರಿರುವ ಪುಟವನ್ನೂ ಸೇರಿಸಿ. ಬ್ಯೂರೋ ಸಾಮಾನ್ಯವಾಗಿ 30 ದಿನದಲ್ಲಿ ತನಿಖೆ ಮುಗಿಸಬೇಕು. ಮುಗಿಸಿ "ಎಲ್ಲ ಸರಿ ಇದೆ" ಎಂದು ಕಳಿಸಿದರೆ, ಗ್ರಾಹಕರ ಹಣಕಾಸು ದೂರುಗಳನ್ನು ನೋಡುವ ಸರ್ಕಾರಿ ಸಂಸ್ಥೆಯಾದ ಸಿಎಫ್‌ಪಿಬಿಗೆ ದೂರು ಕೊಡಿ.

ತಪ್ಪು ತೋರಿಸುವುದರ ಜೊತೆಗೆ ಹಣ ಕೊಡಿ ಎಂದೂ ಬ್ಯಾಂಕ್ ಪತ್ರ ಬರೆಯುತ್ತಿದ್ದರೆ ಅದು ಬೇರೆಯೇ ವಿಷಯ. ಮನ್ನಾ ಆದ ಸಾಲ ಕೇಳುವುದು ಕೋರ್ಟಿನ ತಡೆಯಾಜ್ಞೆ ಮೀರಿದಂತೆ. 2019ರ ಟ್ಯಾಗರ್ಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸಾಲ ಕೊಟ್ಟವರು ಮಾಡಿದ್ದು ಸರಿಯಿರಬಹುದು ಎನ್ನಲು ನ್ಯಾಯವಾದ ಸಂಶಯಕ್ಕೂ ಜಾಗವಿಲ್ಲದಿದ್ದರೆ ಅವರ ಮೇಲೆ ನ್ಯಾಯಾಂಗ ನಿಂದನೆಯ ಕ್ರಮ ತೆಗೆದುಕೊಳ್ಳಬಹುದು ಎಂದಿತು. ಇಂಥ ಪತ್ರ ಬಂದರೆ ನೇರ ವಕೀಲರ ಹತ್ತಿರ ಹೋಗಿ.

ಇನ್ನು ತಾರೀಖುಗಳು. ಚಾಪ್ಟರ್ 7 ದಿವಾಳಿ, ಕೇಸ್ ಹಾಕಿದ ದಿನದಿಂದ 10 ವರ್ಷ ರಿಪೋರ್ಟ್‌ನಲ್ಲಿ ಇರಬಹುದು. ಮುಗಿಸಿದ ಚಾಪ್ಟರ್ 13 (ಕಂತಿನ ಯೋಜನೆಯ ದಿವಾಳಿ) ಅನ್ನು ಬ್ಯೂರೋಗಳು 7 ವರ್ಷಕ್ಕೆ ತೆಗೆಯುತ್ತವೆ. ಒಂದೊಂದು ಕಾರ್ಡಿನ ಸಾಲು, ಮೊದಲ ಕಂತು ತಪ್ಪಿದ ದಿನದಿಂದ ಸುಮಾರು 7 ವರ್ಷಕ್ಕೆ ಹೋಗುತ್ತದೆ. ಅಂದರೆ 2023ರ ನವೆಂಬರ್‌ನಲ್ಲಿ ಕಂತು ತಪ್ಪಿ 2024ರ ಮಾರ್ಚ್‌ನಲ್ಲಿ ಚಾಪ್ಟರ್ 7 ಹಾಕಿದ್ದರೆ, ಕಾರ್ಡಿನ ಸಾಲು 2030ರ ಕೊನೆಗೆ ಮಾಯವಾಗುತ್ತದೆ. ದಿವಾಳಿಯ ಸಾಲು 2034ರ ಮಾರ್ಚ್‌ವರೆಗೂ ಕೂತಿರುತ್ತದೆ. ಇವೆರಡನ್ನೂ ಗೋಡೆಯ ಕ್ಯಾಲೆಂಡರ್‌ನಲ್ಲಲ್ಲ, ನಿಮ್ಮ ಪಟ್ಟಿಯಲ್ಲೇ ಬರೆದಿಡಿ.

ಮೂರನೇ ಹೆಜ್ಜೆ: ಬೇರೆ ಕಡೆ ಹೆಸರು ಮಾಡಿ

ಆಫರ್ ಪತ್ರಗಳಲ್ಲಿ ಕೆಲವು ಕಾರ್ಡುಗಳು ಬರೀ ಫೀಸಿನ ಮೂಟೆ. 300 ಡಾಲರ್ ಲಿಮಿಟ್ ಕೊಟ್ಟು ಮೊದಲ ವರ್ಷವೇ 75 ಡಾಲರ್ ಫೀಸ್ ಎಳೆಯುತ್ತವೆ. 75 ಯಾಕೆ ಗೊತ್ತಾ? 2009ರ ಕಾರ್ಡ್ ಆಕ್ಟ್ ಪ್ರಕಾರ ಮೊದಲ ವರ್ಷದ ಇಂಥ ಫೀಸುಗಳು ಲಿಮಿಟ್‌ನ ಶೇ. 25 ದಾಟಬಾರದು. ಕಾನೂನು ಗೆರೆ ಎಳೆದಲ್ಲಿಗೆ ಸರಿಯಾಗಿ ಬಂದು ನಿಲ್ಲುತ್ತಾರೆ. ಇಂಥವನ್ನು ನೇರ ಕಸದ ಡಬ್ಬಿಗೆ ಹಾಕಿ.

ನಿಮಗೆ ಬೇಕಿರುವುದು ಸೆಕ್ಯೂರ್ಡ್ ಕಾರ್ಡ್. ಸಾಮಾನ್ಯವಾಗಿ 200 ಡಾಲರ್ ಆಸುಪಾಸು ಡಿಪಾಸಿಟ್ ಇಟ್ಟರೆ ಅಷ್ಟೇ ಲಿಮಿಟ್ ಸಿಗುತ್ತದೆ. ನೀವಿರುವ ಊರಿನ ಕ್ರೆಡಿಟ್ ಯೂನಿಯನ್ (ಸದಸ್ಯರೇ ಒಡೆಯರಾದ ಸಹಕಾರಿ ಬ್ಯಾಂಕ್) ಅನ್ನು ಮೊದಲು ಕೇಳಿ. ಅಲ್ಲಿ ಎದುರಿಗೆ ಕೂತು ಮಾತಾಡುವ ಮನುಷ್ಯ ಸಿಗುತ್ತಾನೆ. ಮೂರೂ ಬ್ಯೂರೋಗಳಿಗೆ ವರದಿ ಮಾಡುತ್ತೀರಾ, ವರ್ಷದ ಫೀಸ್ ಇದೆಯಾ, ಎಷ್ಟು ತಿಂಗಳಿಗೆ ಡಿಪಾಸಿಟ್ ವಾಪಸ್ ಕೊಟ್ಟು ಮಾಮೂಲಿ ಕಾರ್ಡ್ ಮಾಡುತ್ತೀರಿ ಎಂದು ಕೇಳಿ. ಊರಿನಲ್ಲಿ, ಅಂದರೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ, ನಿಮ್ಮ ಹೆಸರಿನಲ್ಲಿರುವ ಎಫ್‌ಡಿ ಇಲ್ಲಿ ಡಿಪಾಸಿಟ್ ಆಗುವುದಿಲ್ಲ. ಅಲ್ಲಿನ 800ರ ಸಿಬಿಲ್ ಸ್ಕೋರ್ ಇಲ್ಲಿನ ಸ್ಕೋರಿಗೆ ಸೇರುವುದೂ ಇಲ್ಲ.

ಕಾರ್ಡ್ ಬಂದ ಮೇಲೆ ಒಂದೇ ಒಂದು ಚಿಕ್ಕ ಖರ್ಚು ಅದಕ್ಕೆ ಕಟ್ಟಿ. ಮೊಬೈಲ್ ಬಿಲ್ ಸಾಕು. ಪೂರ್ತಿ ಬಾಕಿ ಕಟ್ಟುವ ಹಾಗೆ ಆಟೋಪೇ ಹಾಕಿ. ಫೈಕೋ ಎಂಬ ಕ್ರೆಡಿಟ್ ಸ್ಕೋರ್ 300ರಿಂದ 850ರವರೆಗೆ ಇರುತ್ತದೆ. ಅದರಲ್ಲಿ ಶೇ. 35 ಭಾಗ ನೀವು ಸಮಯಕ್ಕೆ ಕಟ್ಟಿದಿರಾ ಎಂಬುದು, ಶೇ. 30 ಭಾಗ ಎಷ್ಟು ಬಾಕಿ ಇಟ್ಟಿದ್ದೀರಿ ಎಂಬುದು. 200 ಡಾಲರ್ ಲಿಮಿಟ್‌ನಲ್ಲಿ 150 ಡಾಲರ್ ದಿನಸಿ ತಂದರೆ ಸ್ಟೇಟ್‌ಮೆಂಟ್ ದಿನ ಶೇ. 75 ಬಳಕೆ ಕಾಣುತ್ತದೆ. ಪೂರ್ತಿ ಕಟ್ಟುವವರಿಗೂ ಅದರ ಪೆಟ್ಟು ಬೀಳುತ್ತದೆ. ಸ್ಟೇಟ್‌ಮೆಂಟ್ ಬರುವ ಮೊದಲೇ ಕಟ್ಟಿ 15-20 ಡಾಲರ್ ಉಳಿಸಿದರೆ ಸರಿ.

ಆರು ತಿಂಗಳಾದ ಮೇಲೆ ಎರಡನೇ ಕಾರ್ಡ್ ಸೇರಿಸಬಹುದು. ಮೂರನೆಯದು ಬೇಡ. ಹೆಂಡತಿ ಅಥವಾ ಗಂಡ ದಿವಾಳಿ ಹಾಕಿರದಿದ್ದರೆ, ಅವರ ಒಳ್ಳೆಯ ಕಾರ್ಡ್‌ಗೆ ನಿಮ್ಮನ್ನು ಆಥರೈಸ್ಡ್ ಯೂಸರ್ (ಅವರ ಖಾತೆಯಲ್ಲೇ ಕಾರ್ಡ್ ಬಳಸುವವರು) ಆಗಿ ಸೇರಿಸಿಕೊಳ್ಳಲಿ. ಎಚ್-4 ವೀಸಾದಲ್ಲಿ ಮನೆಯಲ್ಲಿರುವವರು ಒಂದು ವಿಷಯ ತಿಳಿದಿರಲಿ. 21 ವರ್ಷ ತುಂಬಿದವರು ಅರ್ಜಿಯಲ್ಲಿ, ತಮ್ಮ ಕೈಗೆ ನಿಜವಾಗಿ ಸಿಗುವ ಸಂಗಾತಿಯ ಆದಾಯವನ್ನೂ ತೋರಿಸಬಹುದು. 2013ರಿಂದ ನಿಯಮ ಹೀಗಿದೆ. "ನನಗೆ ಸಂಬಳವಿಲ್ಲ" ಎಂದು ಸೊನ್ನೆ ಬರೆದು ತಿರಸ್ಕಾರ ತಂದುಕೊಳ್ಳುವುದು ಬೇಡ.

ಚಾಪ್ಟರ್ 13ರಲ್ಲಿ ಇರುವವರು ಇಲ್ಲಿಗೆ ನಿಲ್ಲಿಸಿ. ನಿಮ್ಮ ಕಂತಿನ ಯೋಜನೆ 3ರಿಂದ 5 ವರ್ಷ ನಡೆಯುತ್ತದೆ. ಅದರ ನಡುವೆ ಕಂತು ನೋಡಿಕೊಳ್ಳುವ ಟ್ರಸ್ಟಿಯನ್ನೋ ಕೋರ್ಟನ್ನೋ ಕೇಳದೆ ಹೊಸ ಸಾಲ ಮಾಡಿದರೆ ಇಡೀ ಕೇಸ್‌ಗೇ ಕುತ್ತು.

ಎಷ್ಟು ಕಾಯಬೇಕು?

ಯಾವ ಬ್ಯಾಂಕೂ ಇಷ್ಟು ವರ್ಷ ಎಂದು ಬರೆದು ಕೊಡುವುದಿಲ್ಲ. ಭಾರತದಲ್ಲಾದರೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಮಾಮೂಲಿ ಜನ ಬಾಕಿಯ ಒಂದು ಪಾಲು ಕಟ್ಟಿ ಕಾರ್ಡ್ ಸಾಲವನ್ನು ಸೆಟಲ್‌ಮೆಂಟ್ ಮಾಡಿಕೊಳ್ಳುತ್ತಾರೆ. ಹಾಗೆ ಸೆಟಲ್ ಮಾಡಿಕೊಂಡವರಿಗೆ, ಕೃಷಿ ಸಾಲ ಬಿಟ್ಟು ಉಳಿದವಕ್ಕೆ, ಕನಿಷ್ಠ 12 ತಿಂಗಳು ಹೊಸ ಸಾಲ ಕೊಡಬೇಡಿ ಎಂದು 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಅಮೆರಿಕದಲ್ಲಿ ಅಂಥ ಗೆರೆ ಇಲ್ಲ. ಪ್ರತಿ ಬ್ಯಾಂಕಿನದೂ ಅದರದೇ ಮನಸ್ಸು.

ನನ್ನ ಲೆಕ್ಕ ಹೀಗಿದೆ. ಡಿಸ್ಚಾರ್ಜ್ ಆಗಿ ಎರಡು ವರ್ಷ ಕಳೆದಿರಬೇಕು. ಹೊಸ ಕಾರ್ಡ್‌ಗಳಲ್ಲಿ ಕನಿಷ್ಠ 18 ತಿಂಗಳು ಒಂದು ಕಂತೂ ತಪ್ಪಿರಬಾರದು. ಆಗ ಮೊದಲ ಬಾರಿ ತಟ್ಟಿ. ಆಗಲಿಲ್ಲವಾ, ಕಾರ್ಡಿನ ಸಾಲು ರಿಪೋರ್ಟ್‌ನಿಂದ ಹೋದ ಮೇಲೆ ಇನ್ನೊಮ್ಮೆ. ಅದೂ ಆಗಲಿಲ್ಲವಾ, ದಿವಾಳಿಯ ಸಾಲು ಹೋದ ಮೇಲೆ ಕೊನೆಯ ಬಾರಿ. ನಡುನಡುವೆ ಚಪಲಕ್ಕೆ ಅರ್ಜಿ ಹಾಕುತ್ತಾ ಹೋದರೆ ಪ್ರತಿ ಅರ್ಜಿಗೂ ಬ್ಯಾಂಕ್ ನಿಮ್ಮ ರಿಪೋರ್ಟ್ ತೆಗೆದು ನೋಡಿದ ಗುರುತಾದ ಹಾರ್ಡ್ ಇನ್‌ಕ್ವೈರಿ ಎರಡು ವರ್ಷ ರಿಪೋರ್ಟ್‌ನಲ್ಲಿ ಕೂರುತ್ತದೆ.

ತಟ್ಟುವುದು ಹೇಗೆ

ಮೊದಲು ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ಪ್ರೀಅಪ್ರೂವಲ್ (ಅರ್ಜಿಗೆ ಮೊದಲೇ ಕಾರ್ಡ್ ಸಿಗಬಹುದೇ ಎಂದು ತಿಳಿಸುವ ಸೌಲಭ್ಯ) ನೋಡಿ. ಕ್ಯಾಪಿಟಲ್ ಒನ್, ಅಮೆರಿಕನ್ ಎಕ್ಸ್‌ಪ್ರೆಸ್ ಮುಂತಾದವು ಈ ಸೌಲಭ್ಯ ಇಟ್ಟಿವೆ. ಇದರಿಂದ ಸ್ಕೋರಿಗೆ ಪೆಟ್ಟಿಲ್ಲ. ಅಲ್ಲೇ "ಈಗ ಆಗುವುದಿಲ್ಲ" ಎಂದರೆ ಪುಕ್ಕಟೆ ಉತ್ತರ ಸಿಕ್ಕಿತು ಎಂದುಕೊಂಡು ಎದ್ದು ಬನ್ನಿ. "ಆಗುತ್ತದೆ" ಎಂದರೂ ಅದು ಪಕ್ಕಾ ಮಾತಲ್ಲ. ನಿಜವಾದ ಅರ್ಜಿ ಹಾಕಿದಾಗಲೇ ಬ್ಯಾಂಕ್ ತನ್ನ ಹಳೇ ಪುಸ್ತಕ ತೆರೆದು ನೋಡಬಹುದು.

ಆಸೆ ಇಡಬೇಕಾದದ್ದು ಆ ಬ್ಯಾಂಕಿನ ಅತಿ ಸಾಧಾರಣ ಕಾರ್ಡ್ ಮೇಲೆ. ಬ್ಯಾಂಕಿನ ಸೆಕ್ಯೂರ್ಡ್ ಕಾರ್ಡ್ ಇದ್ದರೆ ಇನ್ನೂ ಒಳ್ಳೆಯದು. ಹಿಂದೆ ವಿಮಾನ ನಿಲ್ದಾಣದ ಲೌಂಜ್ ಕಾರ್ಡ್ ಇತ್ತು, ಈಗಲೂ ಅದೇ ಬೇಕು ಎಂದರೆ ನಡೆಯುವುದಿಲ್ಲ. ಕೆಲವರು ಮೊದಲು ಅದೇ ಬ್ಯಾಂಕಿನಲ್ಲಿ ಚೆಕಿಂಗ್ ಖಾತೆ ತೆರೆದು ಸಂಬಳ ಹಾಕಿಸುತ್ತಾರೆ. ಕೆಟ್ಟ ಉಪಾಯವಲ್ಲ. ಆದರೆ ಮುಂದೆ ಅಲ್ಲಿ ಕಾರ್ಡ್ ಬಾಕಿ ಉಳಿದರೆ, ಖಾತೆಯಲ್ಲಿರುವ ಹಣಕ್ಕೆ ಬ್ಯಾಂಕ್ ಕೈ ಹಾಕುವ ದಾರಿ ಹುಡುಕಬಹುದು. ಎಲ್ಲ ದುಡ್ಡೂ ಅಲ್ಲೇ ಇಡಬೇಡಿ.

ಅರ್ಜಿಯಲ್ಲಿ ದಿವಾಳಿಯ ಬಗ್ಗೆ ಪ್ರಶ್ನೆ ಇದ್ದರೆ ನಿಜವನ್ನೇ ಬರೆಯಿರಿ. ಬ್ಯಾಂಕಿಗೆ ಗೊತ್ತಿರುವುದನ್ನು ಬ್ಯಾಂಕಿಗೇ ಮುಚ್ಚಿಡುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ತಿರಸ್ಕಾರವಾದರೆ ಬರುವ ಪತ್ರವನ್ನು ಬಿಸಾಡಬೇಡಿ. ಈ ಇಡೀ ಆಟದಲ್ಲಿ ಬ್ಯಾಂಕ್ ಬಾಯಿ ಬಿಡುವುದು ಅಲ್ಲಿ ಮಾತ್ರ. ಸಮಾನ ಸಾಲಾವಕಾಶ ಕಾನೂನಿನ ಪ್ರಕಾರ ಅದು 30 ದಿನದೊಳಗೆ ತೀರ್ಮಾನ ತಿಳಿಸಬೇಕು. ಕಾರಣವನ್ನೂ ಹೇಳಬೇಕು, ಇಲ್ಲವೇ ಕಾರಣ ಕೇಳುವ ಹಕ್ಕು ನಿಮಗಿದೆ ಎಂದು ತಿಳಿಸಬೇಕು. ಆ ಕಾರಣ ಏನು ಎಂಬುದರ ಮೇಲೆ ಮುಂದಿನ ನಡೆ ನಿಂತಿದೆ. "ದಿವಾಳಿ" ಎಂದಷ್ಟೇ ಇದ್ದರೆ, ಅದು ರಿಪೋರ್ಟ್ ನೋಡಿ ಹೇಳಿದ ಮಾತು. ವರ್ಷ ಕಳೆದ ಹಾಗೆ ಅದರ ಬಲ ಕಡಿಮೆಯಾಗುತ್ತದೆ. "ನಮ್ಮಲ್ಲಿ ನಿಮ್ಮ ಸಾಲದ ನಡವಳಿಕೆ ಸರಿಯಿರಲಿಲ್ಲ" ಎಂಬ ಅರ್ಥದ ಮಾತಿದ್ದರೆ, ಅದು ಒಳಗಿನ ಪುಸ್ತಕ. ಸ್ಕೋರ್ 780 ಆದರೂ ಅದು ತಾನಾಗಿ ಅಳಿಯುವುದಿಲ್ಲ. "ಬಳಕೆ ಜಾಸ್ತಿ", "ಖಾತೆಗಳು ಹೊಸವು" ಎಂದಿದ್ದರೆ ಖುಷಿಪಡಿ. ಹಳೇ ಸಿಟ್ಟಿನ ಮಾತೇ ಬಂದಿಲ್ಲ. ಅವೆರಡೂ ನಿಮ್ಮ ಕೈಯಲ್ಲಿರುವ ವಿಷಯ.

ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ ಅರ್ಜಿಯನ್ನು ಮತ್ತೊಮ್ಮೆ ನೋಡಲು ಕೇಳಿ. ಇದಕ್ಕೆ ರೀಕನ್ಸಿಡರೇಶನ್ ಎನ್ನುತ್ತಾರೆ. ಕಥೆ ಹೇಳಬೇಡಿ. ಮೂರು ಮಾತು ಸಾಕು: ಆ ವರ್ಷ ಕೆಲಸ ಹೋಗಿತ್ತು ಅಥವಾ ಆಸ್ಪತ್ರೆ ಬಿಲ್ ಬಂದಿತ್ತು, ಅದಾದ ಮೇಲೆ ಇಷ್ಟು ತಿಂಗಳಿಂದ ಒಂದು ಕಂತೂ ತಪ್ಪಿಲ್ಲ, ನನಗೆ ಚಿಕ್ಕ ಲಿಮಿಟ್ ಸಾಕು. ಜೊತೆಗೆ "ನಿಮ್ಮಲ್ಲಿ ನನ್ನ ಹಳೇ ಖಾತೆಯಿಂದಾಗಿ ಶಾಶ್ವತ ತಡೆ ಇದೆಯೇ?" ಎಂದು ನೇರವಾಗಿ ಕೇಳಿ. ಹೌದು ಎಂದರೆ ಆ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿ, ಮುಂದಿನದಕ್ಕೆ ಹೋಗಿ. ನನ್ನ ಗೆಳೆಯ ಈ ಪ್ರಶ್ನೆ ಕೇಳದೆ ಒಂದೇ ಬ್ಯಾಂಕಿಗೆ ನಾಲ್ಕು ಸಲ ಅರ್ಜಿ ಹಾಕಿ ನಾಲ್ಕು ಇನ್‌ಕ್ವೈರಿ ಗಳಿಸಿದ.

ಹಳೇ ಸಾಲ ತೀರಿಸಿದರೆ ಕಾರ್ಡ್ ಕೊಡುತ್ತಾರಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ನಮ್ಮವರಲ್ಲಿ ಇದು ಬರೀ ಲೆಕ್ಕದ ಮಾತೂ ಅಲ್ಲ. ಫೋನಿನಲ್ಲಿ ಅಪ್ಪ "ತಗೊಂಡಿದ್ದು ಕೊಡಬೇಕಪ್ಪಾ" ಎಂದು ಒಂದೇ ಮಾತು ಹೇಳಿ ಸುಮ್ಮನಾಗುತ್ತಾರೆ. ಆ ಮಾತು ರಾತ್ರಿ ಎಲ್ಲ ಕಿವಿಯಲ್ಲಿ ಕೂತಿರುತ್ತದೆ.

ಕಾನೂನು ಏನು ಹೇಳುತ್ತದೆ ನೋಡಿ. ಮನ್ನಾ ಆದ ಸಾಲವನ್ನು ನೀವಾಗಿ ತೀರಿಸಲು ಯಾವ ಅಡ್ಡಿಯೂ ಇಲ್ಲ. ಬ್ಯಾಂಕ್ ಅದನ್ನು ಕೇಳುವಂತಿಲ್ಲ, ಅಷ್ಟೇ. ಆದರೆ ತೀರಿಸಿದ ಮಾತ್ರಕ್ಕೆ ದಿವಾಳಿಯ ಸಾಲು ರಿಪೋರ್ಟ್‌ನಿಂದ ಹೋಗುವುದಿಲ್ಲ. ಕಾರ್ಡ್ ಕೊಡಬೇಕು ಎಂಬ ಬಾಧ್ಯತೆಯೂ ಬ್ಯಾಂಕಿಗೆ ಬರುವುದಿಲ್ಲ. 9,000 ಡಾಲರ್ ಕಟ್ಟಿ, 1,000 ಡಾಲರ್ ಲಿಮಿಟ್‌ನ ಕಾರ್ಡ್‌ಗಾಗಿ ಬಾಗಿಲಲ್ಲಿ ನಿಲ್ಲುವುದು ನನಗಂತೂ ಸರಿ ಕಾಣುವುದಿಲ್ಲ. ಮನಸ್ಸಿನ ಸಮಾಧಾನಕ್ಕೆ ಕೊಡುತ್ತೀರಾದರೆ ಕೊಡಿ, ಅದು ನಿಮ್ಮ ವಿಷಯ. ಕಾರ್ಡಿನ ಆಸೆಗೆ ಕೊಡಬೇಡಿ. ಕೊಡುವುದಾದರೂ ಮೊದಲು ಆರು ತಿಂಗಳ ಮನೆ ಖರ್ಚಿನಷ್ಟು ಹಣ ಕೈಯಲ್ಲಿ ಇಟ್ಟುಕೊಳ್ಳಿ.

ಒಂದು ಬಲೆ ಇದೆ, ಹುಷಾರು. "ಹೊಸ ಕಾರ್ಡ್ ಕೊಡುತ್ತೇವೆ, ಹಳೇ ಬಾಕಿಯ ಒಂದಿಷ್ಟನ್ನು ಅದಕ್ಕೆ ಸೇರಿಸುತ್ತೇವೆ" ಎಂಬ ಪತ್ರ ಬರಬಹುದು. ಸಾಲ ಕೊಂಡುಕೊಂಡ ವಸೂಲಿ ಕಂಪನಿಗಳೂ ಹೀಗೆ ಬರುತ್ತವೆ. ಮನ್ನಾ ಆಗುವ ಸಾಲವನ್ನು ಮತ್ತೆ ತಲೆ ಮೇಲೆ ಹಾಕಿಕೊಳ್ಳುವ ಒಪ್ಪಂದಕ್ಕೆ ರೀಅಫರ್ಮೇಶನ್ ಎನ್ನುತ್ತಾರೆ. ಅದು ಡಿಸ್ಚಾರ್ಜ್‌ಗೆ ಮೊದಲೇ ಆಗಬೇಕು, ಕೋರ್ಟಿಗೂ ಸಲ್ಲಿಸಬೇಕು. ಡಿಸ್ಚಾರ್ಜ್ ಆದ ಮೇಲೆ ಬಂದ ಇಂಥ ಕಾಗದಕ್ಕೆ ಸಹಿ ಹಾಕಬೇಡಿ. ವಕೀಲರಿಗೆ ಒಂದು ಪ್ರತಿ ಕಳಿಸಿ.

ಕಾರ್ಡ್ ಬಂತು, ಈಗೇನು?

ಮೊದಲ ಸ್ಟೇಟ್‌ಮೆಂಟ್ ಬಂದಾಗ ಎರಡು ವಿಷಯ ನೋಡಿ. ಹಳೇ ಬಾಕಿ ಯಾವ ಹೆಸರಿನಲ್ಲೂ ಅದರೊಳಗೆ ನುಸುಳಿರಬಾರದು. ಮನ್ನಾ ಆದ ಹಳೇ ಖಾತೆಯ ಸಾಲು ರಿಪೋರ್ಟ್‌ನಲ್ಲಿ ಸೊನ್ನೆಯಾಗಿಯೇ ಇರಬೇಕು. ಹಳೇ ಖಾತೆಯ ಪಾಯಿಂಟುಗಳೂ ಲಿಮಿಟ್ಟೂ ಹಿಂದೆ ಬರುತ್ತವೆ ಎಂದು ಕಾಯಬೇಡಿ. ಇದು ಹೊಸ ಖಾತೆ.

ಒಂದು ವರ್ಷ ಲಿಮಿಟ್ ಹೆಚ್ಚಿಸಲು ಕೇಳಬೇಡಿ. ಬ್ಯಾಂಕ್ ತಾನಾಗಿ ಹೆಚ್ಚಿಸಿದರೆ ತಗೊಳ್ಳಿ. ಸೆಕ್ಯೂರ್ಡ್ ಕಾರ್ಡ್ ಕೊಟ್ಟು ಕಷ್ಟಕಾಲದಲ್ಲಿ ನಂಬಿದ ಕ್ರೆಡಿಟ್ ಯೂನಿಯನ್ ಖಾತೆಯನ್ನು ಮುಚ್ಚಬೇಡಿ, ಅದರ ವಯಸ್ಸು ನಿಮ್ಮ ಸ್ಕೋರಿಗೆ ಬೇಕು. ಮೊಬೈಲ್ ಬಿಲ್ ಅಲ್ಲೇ ಇರಲಿ. ಹಳೇ ಬ್ಯಾಂಕಿನ ಹೊಸ ಕಾರ್ಡ್‌ಗೆ ನೆಟ್‌ಫ್ಲಿಕ್ಸ್ ಕಟ್ಟಿ, ಆಟೋಪೇ ಹಾಕಿ, ಕಾರ್ಡನ್ನು ಅಡುಗೆಮನೆಯ ಡ್ರಾವರ್‌ನಲ್ಲಿ ಇಡಿ. ನನ್ನ ಗೆಳೆಯನದು ಈಗ ಅಲ್ಲೇ ಇದೆ, ಲಟ್ಟಣಿಗೆಯ ಪಕ್ಕ.